ಗ್ಲಾಸಿಗೆ ವಿಷ ಸಾಕು, ಟ್ಯಾಂಕ್ ನೋಡಿ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಪತ್ತೇದಾರಿ ಕಥೆಗಳು ಮತ್ತೆ ಬರುತ್ತಿರುವುದು ಸಂತೋಷ. ಕೊಲೆಗಾರರು ಊರು ಬಿಟ್ಟು ನಂದಿಬೆಟ್ಟದ ಬುಡದ ವೈನರಿಗಳಿಗೆ ಹೋದದ್ದೂ ಒಳ್ಳೆಯದೇ. ಕರಾಳ ಹಾಸ್ಯಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ಗ್ಲಾಸಿಗೆ ವಿಷ ಬೆರೆಸುವುದನ್ನು ಕಥೆಗಾರರು ನಿಲ್ಲಿಸಬೇಕು. ಅದನ್ನು ಫಿಲ್ಟರ್ ಕಾಫಿಗೂ ಬೆರೆಸಬಹುದು, ಅಷ್ಟಕ್ಕೆ ವೈನರಿ ಯಾಕೆ?

ಮೊದಲು ಕ್ಯಾಲೆಂಡರ್ ನೋಡಿಕೊಳ್ಳಲಿ. ನಮ್ಮ ಕಡೆ ವೈನ್ ದ್ರಾಕ್ಷಿಬಳ್ಳಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಬೀಳುತ್ತದೆ: ಕೊಯ್ಲು ಮುಗಿದು ಏಪ್ರಿಲ್ ಹೊತ್ತಿಗೆ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ಹಣ್ಣು ಕೈಗೆ ಬರುವುದು ಫೆಬ್ರುವರಿ–ಮಾರ್ಚ್‌ಗೆ. ಹೊಸ ವರ್ಷದ ಪಾರ್ಟಿಯ ರಾತ್ರಿ ಕೊಯ್ಲು ಮಾಡಿಸಿದರೆ ಹೆಣ ಬೀಳುವ ಮೊದಲೇ ಕಥೆ ಬಿದ್ದುಹೋಗುತ್ತದೆ. 2013ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ಹಬ್ಬುವುದು ಚಪ್ಪರದ ಮೇಲೆ. ದೂರದಲ್ಲಿ ನಿಂತವರಿಗೆ ಅದರಡಿ ಓಡುವವನ ಕಾಲಷ್ಟೇ ಕಾಣುತ್ತದೆ. ವೈನ್ ತಳಿಗಳಿಗೆ ತಂತಿ ಕಟ್ಟಿದ ಸಾಲು. ಈ ತುದಿಯಿಂದ ಆ ತುದಿ ಕಾಣುತ್ತದೆ, ಪಕ್ಕದ ಸಾಲು ಮಾತ್ರ ಕಾಣುವುದಿಲ್ಲ. ಸುಳ್ಳು ಸಾಕ್ಷಿಯನ್ನು ಹಿಡಿಯಲು ಇದೊಂದೇ ಸಾಕು.

ಪೀಪಾಯಿಯೊಳಗೆ ಹೆಣ ತುಂಬುವ ಆಸೆಯನ್ನೂ ಬಿಡಬೇಕು. 225 ಲೀಟರಿನ ಓಕ್ ಪೀಪಾಯಿಯ ಬಾಯಿಗೆ ಮುಷ್ಟಿಯೇ ತೂರುವುದು ಕಷ್ಟ. ಹೆಣ ಇಳಿಸಬೇಕೆಂದರೆ ಕಬ್ಬಿಣದ ಬಳೆ ಸಡಿಲಿಸಿ ಮುಚ್ಚಳದ ಹಲಗೆಗಳನ್ನೇ ತೆಗೆಯಬೇಕು. ತುಂಬಿದ ಪೀಪಾಯಿ 250 ಕಿಲೋಗೂ ಮೀರಿ ತೂಗುತ್ತದೆ, ಒಬ್ಬ ಕೊಲೆಗಾರ ಎತ್ತುವ ಮಾತಲ್ಲ.

ಅಸಲಿ ಅಪಾಯ ಇರುವುದು ಹುದುಗುವ ಟ್ಯಾಂಕಿನಲ್ಲಿ. ಲೀಟರಿಗೆ 200 ಗ್ರಾಂ ಸಕ್ಕರೆಯಿರುವ ರಸ ಪೂರ್ತಿ ಹುದುಗಿದರೆ ಪ್ರತಿ ಲೀಟರಿನಿಂದ ಹೊರಡುವ ಇಂಗಾಲದ ಡೈಆಕ್ಸೈಡ್ 50 ಲೀಟರಿಗೂ ಹೆಚ್ಚು. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ. ವೈನ್ ಬಸಿದ ಮೇಲೂ ಸಿಪ್ಪೆ, ಬೀಜದ ರಾಶಿಯ ಮೇಲೆ ಕಣ್ಣಿಗೆ ಕಾಣದಂತೆ ಕುಳಿತಿರುತ್ತದೆ. ಬಗ್ಗಿದವನು ಉಸಿರುಗಟ್ಟಿ ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ನಿಜದಲ್ಲಿ ಹೀಗೆ ಸಾಯುವವರು ಕೂಲಿಯವರು, ಅದರಲ್ಲಿ ನಗುವಂಥದ್ದೇನೂ ಇಲ್ಲ. ಕಥೆಯಲ್ಲಿ ಬೀಳಬೇಕಾದವರು ಸುರಕ್ಷತಾ ಫಲಕದ ಮುಂದೆ ಫೋಟೊ ತೆಗೆಸಿಕೊಂಡು, ಗ್ಯಾಸ್ ಮೀಟರ್ ಖರೀದಿಯ ಬಿಲ್ಲನ್ನು ಮಾತ್ರ ತಡೆಹಿಡಿದ ಯಜಮಾನರು.

ಸುಳಿವು ರಿಜಿಸ್ಟರಿನಲ್ಲಿರಲಿ. ಕೆಂಪು ವೈನ್ ಹುದುಗುವ ಏಳೆಂಟು ದಿನ, ಮೇಲೆ ತೇಲುವ ಸಿಪ್ಪೆಯ ಪದರವನ್ನು ದಿನಕ್ಕೆ ಎರಡು ಮೂರು ಸಲ ಕೆಳಕ್ಕೆ ಒತ್ತುತ್ತಾರೆ. ಬೆಳಿಗ್ಗೆ, ಸಂಜೆ ಉಷ್ಣತೆ ಮತ್ತು ಬ್ರಿಕ್ಸ್ ಬರೆದಿಡುತ್ತಾರೆ. ಬ್ರಿಕ್ಸ್ ಅಂದರೆ ಸಕ್ಕರೆಯ ಅಳತೆ. ಅದು ಎಂದೂ ಒಂದೇ ಲೆಕ್ಕದಲ್ಲಿ ಇಳಿಯುವುದಿಲ್ಲ: ಶುರುವಿನಲ್ಲಿ ಮಂದ, ನಡುವೆ ಓಟ, ಕೊನೆಗೆ ಮತ್ತೆ ಮಂದ. ಕೊಲೆಗಾರ ಎರಡು ದಿನದ ಅಂಕಿಗಳನ್ನು ಒಂದೇ ಪೆನ್ನಿನಲ್ಲಿ 22, 20, 18, 16 ಎಂದು ಮಗ್ಗಿಯಂತೆ ಬರೆದಿಟ್ಟರೆ ಹಳೆಯ ಸೆಲ್ಲಾರ್ ಮೇಸ್ತ್ರಿ ಪುಟ ನೋಡಿದೊಡನೆ ನಗುತ್ತಾನೆ. ಆ ನಗುವೇ ಕಥೆಯ ತಿರುವು.

ಕಲೆಯನ್ನೂ ಬಿಡಬೇಡಿ. ಕೆಂಪು ವೈನಿನ ಬಣ್ಣ ಹುಳಿಯಲ್ಲಿ ಕೆಂಪು, ಕ್ಷಾರ ತಗುಲಿದರೆ ನೀಲಿ–ಬೂದು. ಸುಣ್ಣವೂ ಕ್ಷಾರವೇ, ಆಗಷ್ಟೇ ಅದನ್ನು ಬಳಿದ ಗೋಡೆಗೆ ವೈನ್ ಸಿಡಿದರೆ ಅದು ಕೆಂಪಾಗಿ ಉಳಿಯುವುದಿಲ್ಲ. ರಕ್ತ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ, ನೀಲಿಯಾಗುವುದಿಲ್ಲ.

ಇನ್ನು ಪೊಲೀಸರು. ದೊಡ್ಡಬಳ್ಳಾಪುರ ಒಂದು ಜಿಲ್ಲೆಗೆ ಸೇರಿದ್ದು, ನಂದಿಬೆಟ್ಟ ಇನ್ನೊಂದಕ್ಕೆ, ಅಂದರೆ ಚಿಕ್ಕಬಳ್ಳಾಪುರಕ್ಕೆ. ಬೆಂಗಳೂರು ಕಮಿಷನರ್ ಅಲ್ಲಿಗೆ ಜೀಪು ಹತ್ತಿ ಬರುವುದಿಲ್ಲ. ತೋಟದ ಬೇಲಿ ಜಿಲ್ಲಾ ಗಡಿಯ ಮೇಲಿದ್ದರೆ ಹೆಣ ಯಾರದೆಂಬ ಪ್ರಶ್ನೆಗಿಂತ ಯಾವ ಠಾಣೆಯದೆಂಬ ಪ್ರಶ್ನೆಗೇ ಎರಡು ಅಧ್ಯಾಯ ಬೇಕು. 2024ರ ಜುಲೈ 1ರಿಂದ ಕೊಲೆಗೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 103, ಹಳೆಯ ಐಪಿಸಿ 302 ಅಲ್ಲ. ಆದರೂ ಹೆಡ್ ಕಾನ್‌ಸ್ಟೆಬಲ್ ರೂಢಿಯಿಂದ "ತ್ರೀ ನಾಟ್ ಟೂ ಸಾರ್" ಎನ್ನಲಿ, ಇನ್ಸ್‌ಪೆಕ್ಟರ್ ತಿದ್ದಲಿ. ಅಷ್ಟರಲ್ಲಿ ಯಾರೋ ಆ ನೀಲಿ ಕಲೆಯ ಮೇಲೆ ಇನ್ನೊಂದು ಕೋಟು ಸುಣ್ಣ ಬಳಿದಿರಲಿ.

— ಪತ್ತೇದಾರಿ ಕಥೆಗಳ ಓದುಗ, ಮಲ್ಲೇಶ್ವರಂ, ಬೆಂಗಳೂರು