ಚೆಲ್ಲದೆ ಉಳಿಸಿದ ಫ್ಲಾಸ್ಕ್

ನಿನ್ನೆ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಹಾರೈಸಿದ ಎಲ್ಲರಿಗೂ ಧನ್ಯವಾದ. ಆದರೆ ನನ್ನ ಮೊದಲ ನಮಸ್ಕಾರ ನಮ್ಮ ದಾವಣಗೆರೆ ಲ್ಯಾಬಿನ ಅಟೆಂಡರ್ ಅಣ್ಣನಿಗೆ.

ನನ್ನ ವಿಷಯ ಪಾಚಿ. ಅಣು ರಿಯಾಕ್ಟರಿನಿಂದ ತೆಗೆದ ಇಂಧನವನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿ ಮುಳುಗಿಸಿ ಇಡುತ್ತಾರೆ. ಆ ನೀರು ಇಂಧನವನ್ನು ತಂಪಾಗಿಡುತ್ತದೆ, ವಿಕಿರಣವನ್ನೂ ತಡೆಯುತ್ತದೆ. ಅಂಥಲ್ಲೂ ಜೀವ ಹಬ್ಬುತ್ತದೆ! ಇಂಗ್ಲೆಂಡಿನ ಸೆಲ್ಲಾಫೀಲ್ಡ್ ಅಣು ಕೇಂದ್ರದಲ್ಲಿ ಬಯಲಿಗೆ ತೆರೆದ ಹಳೆಯ ಕೊಳವೊಂದಿದೆ. ಇಂಧನದ ಹೊದಿಕೆ ಸವೆಯಬಾರದೆಂದು ಅಲ್ಲಿನ ನೀರನ್ನು ತುಂಬಾ ಕ್ಷಾರವಾಗಿ, ಅಂದರೆ ಪಿಎಚ್ 11ಕ್ಕಿಂತ ಜಾಸ್ತಿ ಇಟ್ಟಿರುತ್ತಾರೆ. ಆದರೂ ಹಸಿರು ಕಟ್ಟಿ, ಕ್ಯಾಮೆರಾಗೆ ಏನೂ ಕಾಣದೆ ಕೆಲಸಕ್ಕೆ ಅಡ್ಡಿಯಾಗಿದೆ. ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣು ಸ್ಥಾವರದಲ್ಲಿ 1979ರ ಅಪಘಾತದ ನಂತರ ಇಂಧನ ತೆಗೆಯುವಾಗಲೂ ಸೂಕ್ಷ್ಮಜೀವಿಗಳು ನೀರು ಮಬ್ಬಾಗಿಸಿದ್ದವು. 1986ರಲ್ಲಿ ಅವನ್ನು ಕೊಲ್ಲಲು ಅಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರು. ಅದು ಕೊನೆಗೆ ನೀರು, ಆಮ್ಲಜನಕವಾಗಿ ಒಡೆಯುತ್ತದೆ, ಉಪ್ಪು ಉಳಿಸುವುದಿಲ್ಲ. ಆದರೆ ಕ್ಷಾರದ ನೀರಿನಲ್ಲಿ ಬೇಗ ಒಡೆದುಹೋಗುತ್ತದೆ. ಹಾಗಾದರೆ ಎಷ್ಟು ಹಾಕಬೇಕು, ಎಷ್ಟು ದಿನಕ್ಕೊಮ್ಮೆ, ಜೊತೆಗೆ ಬೆಳಕು ಎಷ್ಟು ತಗ್ಗಿಸಬೇಕು? ಇದೇ ನನ್ನ ಪ್ರಶ್ನೆ. ನಮ್ಮ ಲ್ಯಾಬಿನಲ್ಲಿ ವಿಕಿರಣ ಇರಲಿಲ್ಲ. ಕ್ಷಾರದ ನೀರು, ಪಾಚಿ, ಬಲ್ಬು, ಅಷ್ಟೇ.

ಮೂರನೇ ವರ್ಷದ ಏಪ್ರಿಲ್‌ನಲ್ಲಿ ಒಂದು ರಾತ್ರಿ ಪಾಚಿ ಬೆಳೆಸುವ ಇನ್‌ಕ್ಯುಬೇಟರ್ ಕೆಟ್ಟು ಒಳಗೆ ಕಾವು ಏರಿತು. ಬೆಳಿಗ್ಗೆ ನೋಡಿದರೆ ಎಲ್ಲ ಫ್ಲಾಸ್ಕೂ ಬಿಳಿಚಿದ್ದವು. ಮೆಟ್ಟಿಲ ಮೇಲೆ ಕೂತು ಅತ್ತೆ. ಬಿಟ್ಟುಬಿಡೋಣ ಅನ್ನಿಸಿತ್ತು.

ಅಣ್ಣ ಕಿಟಕಿ ಹತ್ತಿರದ ರ‍್ಯಾಕಿನಿಂದ ಧೂಳು ಹಿಡಿದ ಒಂದು ಫ್ಲಾಸ್ಕ್ ತಂದರು. ಎಂಟು ತಿಂಗಳ ಹಿಂದಿನದು. ನಾನು ಮರೆತೇಬಿಟ್ಟಿದ್ದೆ. "ನಿಮ್ಮ ಕೈಬರಹ ಇತ್ತು ಮೇಡಂ, ಅದಕ್ಕೆ ಚೆಲ್ಲಲಿಲ್ಲ" ಅಂದರು. ನೀರು ಅರ್ಧ ಆರಿತ್ತು. ತಳದಲ್ಲಿ ದಾರದಷ್ಟು ತೆಳ್ಳಗಿನ ಹಸಿರು ಗೆರೆ. ಒಂದು ಹನಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಎಳೆಗಳು ಮೆಲ್ಲಗೆ ಜಾರುತ್ತಿದ್ದವು! ಹೊಸ ನೀರಿಗೆ ಹಾಕಿದ ಎರಡೇ ವಾರದಲ್ಲಿ ಫ್ಲಾಸ್ಕ್ ತುಂಬ ಹಸಿರು. ಎಂಟು ತಿಂಗಳು ಹಸಿದಿದ್ದ ಜೀವ ಹೀಗೆ ಎದ್ದು ಬಂದರೆ, ಕೊಳಕ್ಕೆ ಒಮ್ಮೆ ಔಷಧಿ ಹಾಕಿ ಸುಮ್ನೆ ಕೂರುವುದು ಹೇಗೆ, ಅಲ್ವಾ? ನನ್ನ ನಾಲ್ಕನೇ ಅಧ್ಯಾಯ ಹುಟ್ಟಿದ್ದೇ ಅಲ್ಲಿಂದ.

ಗೈಡ್ ಮೇಡಂ ಆ ತಿಂಗಳು ಒಂದು ಗಟ್ಟಿ ಮಾತೂ ಆಡಲಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ದುಡಿಯುವ ಅಪ್ಪ, "ಯಾವಾಗ ಮುಗಿಯುತ್ತೆ" ಎಂದು ಒಮ್ಮೆಯೂ ಕೇಳಲಿಲ್ಲ. ಅವ್ವ ಪ್ರತಿ ವಾರ ಬಸ್ಸಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದಳು. ಇವರಿಗೆಲ್ಲ ನಾನು ಋಣಿ.

ಅಣ್ಣಾ, ಸೋಮವಾರ ಸಿಹಿ ತರುತ್ತೇನೆ. ಆ ಫ್ಲಾಸ್ಕ್ ಅಲ್ಲೇ ಇರಲಿ. ಬೇಸಿಗೆ ಶುರುವಾಗಿದೆ, ನೀರು ಆರದಂತೆ ನೋಡಿಕೊಳ್ಳಿ.