ಅಪ್ಪನ ರಕ್ತದ ರಿಪೋರ್ಟ್ ಬಗ್ಗೆ

ಪ್ರೀತಿಯ ಅಣ್ಣನಿಗೆ,

ನಮಸ್ಕಾರ. ನಾವಿಲ್ಲಿ ಚೆನ್ನಾಗಿದ್ದೇವೆ. ಅತ್ತಿಗೆ, ಮಕ್ಕಳು ಕ್ಷೇಮ ತಾನೆ? ನಿನ್ನ ಪತ್ರ ಓದಿದಾಗಿನಿಂದ ಬೇರೆ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ.

ಅಪ್ಪನ ಕಿಡ್ನಿ ಸೊರಗಿದೆ, ಹಿಮೋಗ್ಲೋಬಿನ್ (ರಕ್ತದಲ್ಲಿ ಆಮ್ಲಜನಕ ಹೊರುವ ಅಂಶ) 8.4 ಅಂತ ಬರೆದಿದ್ದೀಯ. ಗಂಡಸರಿಗೆ 13ಕ್ಕಿಂತ ಕಮ್ಮಿ ಇದ್ದರೇ ರಕ್ತಹೀನತೆ ಅನ್ನುತ್ತಾರೆ. ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ಕಂಬಿ ಹಿಡಿದು ನಿಲ್ಲುತ್ತಾರೆ, ಸೆಕೆಯಲ್ಲೂ ಹೊದ್ದು ಕೂರುತ್ತಾರೆ, ಪೇಪರ್ ಕೈಯಲ್ಲಿ ಹಿಡಿದೇ ತೂಕಡಿಸುತ್ತಾರೆ ಅಂದೆಯಲ್ಲ, ಅದು ವಯಸ್ಸೂ ಅಲ್ಲ, ಸೋಮಾರಿತನವೂ ಅಲ್ಲ. ಅವರ ಮೈಗೆ ಆಮ್ಲಜನಕ ಸಾಲುತ್ತಿಲ್ಲ. ಸುಮ್ನೆ ಕೂತಿದ್ದೀರಿ ಅಂತ ಯಾರೂ ಅವರನ್ನು ಗದರಬೇಡಿ, ನನ್ನಾಣೆ.

ಕಿಡ್ನಿಗೂ ರಕ್ತಕ್ಕೂ ಏನು ಸಂಬಂಧ ಅಂತ ಅಮ್ಮ ಕೇಳಿದ್ದಾರಂತೆ. ಕಿಡ್ನಿ ರಕ್ತ ಸೋಸುವುದಷ್ಟೇ ಅಲ್ಲ, ಎರಿಥ್ರೊಪೊಯೆಟಿನ್ ಅನ್ನುವ ಹಾರ್ಮೋನನ್ನೂ ಮಾಡುತ್ತದೆ. ಕೆಂಪು ರಕ್ತಕಣ ಮಾಡು ಅಂತ ಮೂಳೆಯೊಳಗಿನ ಮಜ್ಜೆಗೆ ಹೇಳುವುದು ಅದೇ. ಕಿಡ್ನಿ ಸೊರಗಿದರೆ ಆ ಹಾರ್ಮೋನ್ ಕಮ್ಮಿಯಾಗುತ್ತದೆ. ಸುಮಾರು 120 ದಿನ ಬಾಳಬೇಕಾದ ಕಣಗಳೂ ಬೇಗ ಸಾಯುತ್ತವೆ. ಅದಕ್ಕೇ ಎಷ್ಟು ಟಾನಿಕ್ ಕುಡಿಸಿದರೂ ಏರಲಿಲ್ಲ. ಅಮ್ಮನ ಆರೈಕೆಯಲ್ಲಿ ಏನೂ ಕೊರತೆ ಇರಲಿಲ್ಲ. ಇದನ್ನು ಅವರಿಗೆ ಎರಡೆರಡು ಸಲ ಹೇಳು.

ಹಾಗಂತ ಕಬ್ಬಿಣದಂಶ ಬೇಡವೆಂದಲ್ಲ. ಮೈಯಲ್ಲಿ ಕಬ್ಬಿಣ ಎಷ್ಟಿದೆ ಅಂತ ತಿಳಿಸುವ ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಪರೀಕ್ಷೆಗಳು, ಬಿ12 ವಿಟಮಿನ್ ಎಲ್ಲ ನೋಡಿದ್ದಾರಾ ಕೇಳು. ಹೊಟ್ಟೆಯಲ್ಲೆಲ್ಲೋ ರಕ್ತ ಸೋರುತ್ತಿಲ್ಲ ತಾನೆ ಅಂತಲೂ ಕೇಳು. ಕಬ್ಬಿಣ ಸಾಲದಿದ್ದರೆ, ಕಮ್ಮಿಯಾದ ಆ ಹಾರ್ಮೋನನ್ನು ಇಂಜೆಕ್ಷನ್‌ನಲ್ಲಿ ಕೊಟ್ಟರೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಕಬ್ಬಿಣ ಮಾತ್ರೆಯಿಂದ ಆಗದಿದ್ದರೆ ಡ್ರಿಪ್‌ನಲ್ಲಿ ಕೊಡುತ್ತಾರೆ.

ರಕ್ತ ಹಾಕಿಸಿಬಿಡೋಣ ಅಂತ ಚಿಕ್ಕಪ್ಪ ಅವಸರ ಮಾಡುತ್ತಿದ್ದಾರಲ್ಲ, ಅವರಿಗೆ ಸಮಾಧಾನ ಹೇಳು. ತುರ್ತಿದ್ದರೆ ಡಾಕ್ಟರೇ ಹಾಕುತ್ತಾರೆ. ಆದರೆ ಪದೇ ಪದೇ ಹಾಕಿಸಿದರೆ ಮೈಯಲ್ಲಿ ಪ್ರತಿಕಾಯ (ಹೊರಗಿನದನ್ನು ಎದುರಿಸುವ ಅಂಶ) ಬೆಳೆದು, ಮುಂದೆ ಕಿಡ್ನಿ ಕಸಿ ಮಾಡಬೇಕಾಗಿ ಬಂದರೆ ಹೊಂದುವ ಕಿಡ್ನಿ ಸಿಗುವುದು ಕಷ್ಟ.

ನಮ್ಮ ಆಫೀಸಿನಲ್ಲಿ ಒಬ್ಬ ಹಿರಿಯರಿಗೂ ಇದೇ ತೊಂದರೆ. ಆ ಹಾರ್ಮೋನ್ ಇಂಜೆಕ್ಷನ್ ಹಾಕಿಕೊಳ್ಳುವುದನ್ನು ಇಲ್ಲಿ ನರ್ಸ್ ಕಲಿಸಿಕೊಡುತ್ತಾರೆ, ಆಮೇಲೆ ಅವರವರೇ ಹೊಟ್ಟೆಯ ಚರ್ಮ ಹಿಡಿದು ಚುಚ್ಚಿಕೊಳ್ಳುತ್ತಾರೆ! ಆಫೀಸಿನ ಫ್ರಿಡ್ಜ್‌ನಲ್ಲಿ ನಮ್ಮೆಲ್ಲರ ಊಟದ ಡಬ್ಬಿಗಳ ಪಕ್ಕದಲ್ಲೇ ಅವರ ಔಷಧಿ. ಯಾರೂ ತಿರುಗಿ ನೋಡುವುದಿಲ್ಲ. ನನಗದು ತುಂಬಾ ಹಿಡಿಸಿತು. ಅಪ್ಪನಿಗೂ ಇಂಜೆಕ್ಷನ್ ಬರೆದುಕೊಟ್ಟರೆ 2ರಿಂದ 8 ಡಿಗ್ರಿಯಲ್ಲಿಡಬೇಕು. ಫ್ರೀಜರ್ ಬೇಡ, ಕುಲುಕಲೂಬಾರದು. ಅತ್ತಿಗೆಗೆ ಹೇಳಿಟ್ಟಿರು.

ಒಂದೇ ವಾರಕ್ಕೆ ಏರಲಿಲ್ಲ ಅಂತ ಡಾಕ್ಟರ್ ಬದಲಾಯಿಸಬೇಡ. ಎರಡರಿಂದ ಆರು ವಾರ ಬೇಕು. 13 ದಾಟಿಸಲಿ ಅಂತ ಹಟವನ್ನೂ ಹಿಡಿಯಬೇಡ. ಈ ಇಂಜೆಕ್ಷನ್‌ನಿಂದ ಅಷ್ಟು ಏರಿಸಿದರೆ ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಸಾಮಾನ್ಯವಾಗಿ 10ರಿಂದ 11.5ರ ಸುಮಾರಿಗೆ ನಿಲ್ಲಿಸುತ್ತಾರೆ. ಬಿಪಿ ಮಾತ್ರ ತಪ್ಪದೆ ನೋಡುತ್ತಿರಿ. ಎದೆನೋವು ಬಂದರೆ, ಕೂತಲ್ಲೇ ಉಸಿರು ಕಟ್ಟಿದರೆ, ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗು.

ಅಪ್ಪ ಹೆದರುವುದು ಬೇಡ. ಇದಕ್ಕೆ ಔಷಧಿ ಇದೆ, ಖಂಡಿತ ಇದೆ. ಆ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 1989ರಲ್ಲೇ ಒಪ್ಪಿಗೆ ಸಿಕ್ಕಿತ್ತು, ಹೊಸ ಪ್ರಯೋಗವೇನಲ್ಲ. ದುಡ್ಡಿನ ಯೋಚನೆ ನನಗೆ ಬಿಡು, ನಾನು ಕಳಿಸುತ್ತೇನೆ. ನನ್ನ ಚಿಂತೆಯೂ ಬೇಡ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ಮಲಗುತ್ತಿದ್ದೇನೆ. ಎಲ್ಲ ಸರಿ ಹೋಗುತ್ತದೆ.

ಮುಂದಿನ ರಿಪೋರ್ಟ್ ಬಂದ ಕೂಡಲೇ ಫೋಟೋ ತೆಗೆದು ಕಳಿಸು. ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ಇರುವ ಪುಟವೂ ಬೇಕು. ಬಸ್ಸಿಗೆ ಹೊತ್ತಾಯಿತು. ಅಪ್ಪ ಅಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ತಂಗಿ