ಹಳೇ ಲಾರಿಯ ಡೀಸೆಲ್ ಟ್ಯಾಂಕ್: ಕಿತ್ತುಬಂದ ಲೈನಿಂಗ್ ಬಗ್ಗೆ ವರ್ಕ್‌ಶಾಪ್‌ಗೆ ದೂರು

ಇವರಿಗೆ,
ಮಾಲೀಕರು, ಟ್ಯಾಂಕ್ ಮತ್ತು ರೇಡಿಯೇಟರ್ ವರ್ಕ್‌ಶಾಪ್

ವಿಷಯ: 1968ರ ಟಾಟಾ-ಮರ್ಸಿಡಿಸ್ 1210 ಲಾರಿಯ ತುಕ್ಕು ಹಿಡಿದ ಡೀಸೆಲ್ ಟ್ಯಾಂಕಿನ ದೋಷಪೂರಿತ ದುರಸ್ತಿ

ಮಾನ್ಯರೇ,

ನಿಮ್ಮ ಬಿಲ್ಲಿನಲ್ಲಿ ನಾಲ್ಕು ಕೆಲಸ ನಮೂದಾಗಿವೆ: ಆಸಿಡ್ ವಾಷ್, ತೂತು ಮುಚ್ಚಿದ್ದು, ಪ್ರೆಷರ್ ಟೆಸ್ಟ್, ಒಳಗೆ ಎಪಾಕ್ಸಿ ಲೈನಿಂಗ್ (ತುಕ್ಕು ತಡೆಯಲು ಒಳಮೈಗೆ ಕೊಡುವ ಲೇಪ). ನಾಲ್ಕರಲ್ಲಿ ಒಂದೂ ನೆಟ್ಟಗಾಗಿಲ್ಲ. ಡೀಸೆಲ್ ಮಟ್ಟ ಅಳೆಯುವ ಗೇಜ್ ಯೂನಿಟ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಲೈನಿಂಗ್ ಹಾಳೆ ಹಾಳೆಯಾಗಿ ಎದ್ದಿದೆ. ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು ತಿರುವಿದರೆ ಹಿಂಬದಿಗೆ ಕಂದು ಪುಡಿ, ಜೊತೆಗೆ ಡೀಸೆಲ್ ಜಿಡ್ಡು. ಲೈನಿಂಗ್ ಕೂತಿದ್ದು ತಗಡಿನ ಮೇಲಲ್ಲ, ತುಕ್ಕಿನ ಮೇಲೆ.

ಏರಿನಲ್ಲಿ ಎಂಜಿನ್ ಬಲ ಕಳೆದುಕೊಂಡು ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಹ್ಯಾಂಡ್ ಪ್ರೈಮರ್ (ಕೈಯಿಂದ ಡೀಸೆಲ್ ಎಳೆಯುವ ಪಂಪ್) ಒತ್ತಿ ಪೈಪಿನೊಳಗಿನ ಗಾಳಿ ತೆಗೆದರೆ ಮತ್ತೆ ಸ್ಟಾರ್ಟ್. ಇದಕ್ಕೆ "ಮೈಕೋ ಪಂಪ್ ಹೋಗಿದೆ, ಕ್ಯಾಲಿಬ್ರೇಷನ್ ಮಾಡಿಸಿ" ಎಂದು ನಿಮ್ಮ ಕಡೆಯವರು ಎಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಪಂಪನ್ನು ದೂರಿದ್ದು ತಪ್ಪು. ಕಿತ್ತ ಲೈನಿಂಗ್ ಟ್ಯಾಂಕಿನೊಳಗಿನ ಸಕ್ಷನ್ ಪೈಪಿನ ಬಾಯಿಗೆ ಅಂಟುತ್ತದೆ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್ ಎಳೆದಷ್ಟೂ ಬಿಗಿಯಾಗುತ್ತದೆ. ಎಂಜಿನ್ ನಿಂತು ಎಳೆತ ತಪ್ಪಿದ ಮೇಲೆ ತಾನಾಗಿ ಕಳಚಿಕೊಳ್ಳುತ್ತದೆ. ಕೆಟ್ಟ ಪಂಪ್ ಹತ್ತು ನಿಮಿಷ ಸುಮ್ಮನಿದ್ದರೆ ರಿಪೇರಿಯಾಗುತ್ತದೆಯೇ? ಹೊರಗೊಂದು ಕ್ಯಾನ್ ಇಟ್ಟು ಅದರಿಂದ ನೇರ ಫೀಡ್ ಪಂಪ್‌ಗೆ ಡೀಸೆಲ್ ಕೊಟ್ಟಾಗ ಅದೇ ಏರನ್ನು ಲಾರಿ ನಿಲ್ಲದೆ ಹತ್ತಿದೆ. ಇದಲ್ಲದೆ ಟ್ಯಾಂಕಿಗೆ ಗಾಳಿ ಬರುವ ಬ್ರೀದರ್ ತೂತಿಗೂ ನೀವು ಲೈನಿಂಗ್ ತುಂಬಿಸಿದ್ದೀರಿ. ಮುಚ್ಚಳ ತೆರೆದರೆ ಬುಸ್ ಎಂದು ಗಾಳಿ ಒಳಗೆ ನುಗ್ಗುತ್ತದೆ.

ಕೆಲಸ ಕೆಟ್ಟಿದ್ದು ಮೊದಲ ಹೆಜ್ಜೆಯಲ್ಲೇ. ಹಳೇ ಡೀಸೆಲ್ ಟ್ಯಾಂಕಿನ ಒಳಮೈಗೆ ಅಂಟು ಕೂತಿರುತ್ತದೆ, ಅದರಡಿಯ ತುಕ್ಕಿಗೆ ಆಸಿಡ್ ತಾಗುವುದೇ ಇಲ್ಲ. ಮೊದಲು ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆಯಬೇಕು. ನೀರು ಮಣಿಮಣಿಯಾಗಿ ನಿಲ್ಲದೆ ತಗಡಿನ ಮೇಲೆ ಒಂದೇ ಸಮ ಹರಡಿದಾಗಲೇ ಜಿಡ್ಡು ಹೋಯಿತು ಎನ್ನಬಹುದು. ಆಮೇಲೆ ಫಾಸ್ಫಾರಿಕ್ ಆಸಿಡ್. ನೀವು ಬಳಸಿದ್ದು ಟಾಯ್ಲೆಟ್ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಎಂದು ಕೇಳಿದಾಗ ನಿಮ್ಮ ಕೆಲಸಗಾರರೇ ಹೇಳಿದರು. ಅದು ತುಕ್ಕನ್ನು ಬೇಗ ತಿನ್ನುತ್ತದೆ ನಿಜ, ಆದರೆ ತಗಡಿನ ಮೇಲೆ ತಗಡು ಕೂತ ಜೋಡಣೆಯೊಳಗೆ ಕ್ಲೋರೈಡ್ ಉಳಿದು ಅಲ್ಲಿಂದಲೇ ತುಕ್ಕು ಮತ್ತೆ ಹುಟ್ಟುತ್ತದೆ. ನೀರಿನಲ್ಲಿ ತೊಳೆದ ಮೇಲೆ ಬಿಸಿಗಾಳಿ ಹಾಯಿಸಿ ತಕ್ಷಣ ಒಣಗಿಸಬೇಕಿತ್ತು. ಒದ್ದೆ ತಗಡನ್ನು ಹಾಗೇ ಬಿಟ್ಟರೆ ನೋಡನೋಡುತ್ತಲೇ ಕೆಂಪೇರುತ್ತದೆ.

ತುಕ್ಕು ಉದುರಿಸಲು ಒಳಗೆ ನಟ್ಟುಗಳನ್ನು ಹಾಕಿ ಕುಲುಕಿದ್ದೀರಿ. ಈ ಟ್ಯಾಂಕಿನಲ್ಲಿ ಬ್ಯಾಫಲ್ ಪ್ಲೇಟ್‌ಗಳಿವೆ (ಒಳಗನ್ನು ಖಾನೆಗಳಾಗಿ ಭಾಗಿಸುವ ಅಡ್ಡ ತಗಡುಗಳು). ನಟ್ಟುಗಳು ಒಂದು ಖಾನೆಯಲ್ಲೇ ಸಿಕ್ಕಿಕೊಂಡಿವೆ, ಈಗಲೂ ಒಳಗೇ ಇವೆ. ಇಂಥ ಟ್ಯಾಂಕಿಗೆ ಹಾಕಬೇಕಾದ್ದು ಉದ್ದನೆಯ ಚೈನು, ಒಂದು ತುದಿ ಹೊರಗಿರುವಂತೆ. ಮಿಕ್ಕಿದ ಲೈನಿಂಗನ್ನು ತಲೆಕೆಳಗು ಮಾಡಿ ಸುರಿಯದೆ ಬಿಟ್ಟಿದ್ದರಿಂದ ತಳದಲ್ಲಿ ಅದು ದಪ್ಪವಾಗಿ ನಿಂತಿದೆ, ಉಗುರು ಒತ್ತಿದರೆ ಇನ್ನೂ ತಗ್ಗುತ್ತದೆ.

ತೂತುಗಳಿದ್ದದ್ದು ಟ್ಯಾಂಕನ್ನು ಬಿಗಿಯುವ ಕಬ್ಬಿಣದ ಪಟ್ಟಿಗಳ ಅಡಿಯಲ್ಲಿ. ಪಟ್ಟಿಯ ಕೆಳಗಿನ ರಬ್ಬರ್ ಮಳೆನೀರು ಹಿಡಿದಿಟ್ಟು ಹೊರಗಿನಿಂದ ತಿನ್ನುತ್ತದೆ, ತಳದಲ್ಲಿ ಕೂತ ನೀರು ಒಳಗಿನಿಂದ ತಿನ್ನುತ್ತದೆ. ಅಲ್ಲಿ ತಗಡು ತೆಳ್ಳಗಾಗಿರುವಾಗ ಎಪಾಕ್ಸಿ ಪುಟ್ಟಿ ಮೆತ್ತಿ ಕಪ್ಪು ಬಣ್ಣ ಬಳಿದರೆ ಅದು ದುರಸ್ತಿಯಲ್ಲ, ಮರೆಮಾಚುವುದು. ಪ್ರೆಷರ್ ಟೆಸ್ಟಿಗೆ ಕಂಪ್ರೆಸರ್ ಪೈಪನ್ನು ನೇರವಾಗಿ ಕೊಟ್ಟಿದ್ದಕ್ಕೆ ಪಕ್ಕದ ತಗಡು ಉಬ್ಬಿದೆ. ಇಂಥ ಟ್ಯಾಂಕಿಗೆ ರೆಗ್ಯುಲೇಟರ್ ಇಟ್ಟು 3 ಪಿಎಸ್‌ಐ ಗಾಳಿ ಒತ್ತಡ, ಜೊತೆಗೆ ಸೋರಿಕೆ ಕಾಣಲು ಸೋಪ್ ನೀರು, ಅಷ್ಟೇ ಸಾಕು.

ತಳಕ್ಕೆ ಜಿಐ ಶೀಟ್ (ಸತು ಲೇಪಿಸಿದ ತಗಡು) ಹಾಕಿಕೊಡುತ್ತೇವೆಂಬ ನಿಮ್ಮ ಹೊಸ ಸಲಹೆಯನ್ನು ಒಪ್ಪುವುದಿಲ್ಲ. ಡೀಸೆಲ್ ಹಳೆಯದಾದಂತೆ ಹುಟ್ಟುವ ಆಮ್ಲಗಳು ಸತುವಿನೊಡನೆ ಸೇರಿ ಸಾಬೂನಿನಂಥ ವಸ್ತುವಾಗುತ್ತವೆ. ಅದು ಫಿಲ್ಟರ್ ದಾಟಿ, ಎಂಜಿನ್‌ಗೆ ಡೀಸೆಲ್ ಸಿಂಪಡಿಸುವ ನಾಜಲ್‌ಗಳಲ್ಲಿ ಕೂರುತ್ತದೆ.

ಆದ್ದರಿಂದ ನಮ್ಮ ಬೇಡಿಕೆ ಹೀಗಿದೆ. ಲೈನಿಂಗ್ ಮತ್ತು ಆಸಿಡ್ ವಾಷ್‌ನ ಹಣ ಪೂರ್ತಿ ವಾಪಸ್ ಕೊಡಿ. ತಳದ ತಗಡನ್ನು ಕತ್ತರಿಸಿ ತೆಗೆದು, ಉಳಿದ ಲೈನಿಂಗನ್ನು ಕೆರೆದು, 16 ಗೇಜಿನ ಸಿಆರ್ ಶೀಟ್ (ಸತು ಲೇಪವಿಲ್ಲದ ಉಕ್ಕಿನ ತಗಡು) ವೆಲ್ಡ್ ಮಾಡಿ, ಡ್ರೈನ್ ಪ್ಲಗ್ ಅತಿ ತಗ್ಗಿನ ಜಾಗಕ್ಕೇ ಬರುವಂತೆ ಕೂರಿಸಿಕೊಡಿ. ಒಳಗೆ ಮತ್ತೆ ಲೈನಿಂಗ್ ಬೇಡ. ವೆಲ್ಡಿಂಗಿಗೆ ಮುಂಚೆ ಬಿಸಿನೀರಲ್ಲಿ ತೊಳೆದು ಹಬೆ ಹಾಯಿಸಲೇಬೇಕು. ಖಾಲಿ ಟ್ಯಾಂಕಿನಲ್ಲಿ ಉಳಿಯುವ ಆವಿಯೇ ಸಿಡಿಯುವುದು. ಇದನ್ನು ನಿಮ್ಮ ಹುಡುಗರ ಕ್ಷೇಮಕ್ಕಾಗಿಯೂ ಹೇಳುತ್ತಿದ್ದೇವೆ. ಹಾಳಾದ ಫಿಲ್ಟರ್‌ಗಳು ಮತ್ತು ನಾಜಲ್ ತಪಾಸಣೆಯ ಖರ್ಚನ್ನೂ ನೀವೇ ಭರಿಸಬೇಕು.

15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುತ್ತೇವೆ. ಇದು ಬಾಡಿಗೆಗೆ ಓಡುವ ಲಾರಿಯಲ್ಲ, ಹಳೇ ವಾಹನಗಳ ಪ್ರದರ್ಶನಕ್ಕಷ್ಟೇ ಹೋಗುವಂಥದ್ದು. ವಾಣಿಜ್ಯ ಬಳಕೆ ಎಂಬ ವಾದಕ್ಕೆ ಜಾಗವಿಲ್ಲ. ಟ್ಯಾಂಕನ್ನು ಇಳಿಸಿ ಇಟ್ಟಿದ್ದೇವೆ, ನಿಮ್ಮವರು ಬಂದು ನೋಡಬಹುದು.

ಇಂತಿ,
ಲಾರಿಯ ಮಾಲೀಕರು

ಲಗತ್ತು: ಬಿಲ್ಲಿನ ಪ್ರತಿ, ಟ್ಯಾಂಕಿನ ಒಳಭಾಗದ ಫೋಟೋಗಳು, ಕಿತ್ತುಬಂದ ಲೈನಿಂಗ್ ತುಂಡು